ಮೂರು ಕಾಜ

ಲಗ್ಗೆರೆ ಹೆಲ್ತ್ ಸೆಂಟರಿನ ಜಸಿಂತಾ ಸಿಸ್ಟರ್
ಭಾನುವಾರ ಮನೆಗೇ ಬಂದು ಕೇಳಿದರು:
ಬಟ್ಟೆಯಲ್ಲೊಂದು ಗರ್ಭಕೋಶ ಹೊಲಿದುಕೊಡ್ತೀಯಾ?
ಚಾರ್ಟ್ ತೋರಿಸಿದರೆ ಹುಡುಗಿಯರು ನೆಲ ನೋಡ್ತಾರೆ,
ಕೈಗೆ ಕೊಟ್ಟರೆ ಬಿಡಿಸಿ ನೋಡಿಯಾರು.

ಅದಕ್ಕೇನಂತೆ, ಅಂದೆ.
ಪೀಣ್ಯದ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ
ಹೊರದೇಶದ ಹೆಂಗಸರ ಒಳಚಡ್ಡಿಗೆ
ಗಂಟೆಗೆ ತೊಂಬತ್ತರಂತೆ ಗಸೆಟ್ ಕೂರಿಸಿದವಳು,
ಎರಡು ಹೆತ್ತವಳು.
ಚೀಲದ ತುಂಬ ಚಿಂದಿಯಿತ್ತು. ಕತ್ತರಿಸಿ, ಮಡಿಸಿ,
ಕೆಳಗೆ ಎರಡು ಕಾಜ ಮಾಡಿಟ್ಟೆ:
ಮುಂದೊಂದು, ಹಿಂದೊಂದು.

ಸಿಸ್ಟರ್ ತಿರುಗಿಸಿ ನೋಡಿ, ಮೂರನೇದೆಲ್ಲಿ ಅಂದರು.
ಯಾವ ಮೂರನೇದು?
ಉಚ್ಚೆಯದು ಬೇರೆ ಕಣೇ, ಮುಟ್ಟಿನದು ಬೇರೆ,
ಹಿಂದಿನದು ಗೊತ್ತೇ ಇದೆ,
ಹಾಲಿನವನ ಲೆಕ್ಕ ಹೇಳಿದಷ್ಟು ಸಲೀಸಾಗಿ ಅಂದರು.
ಕತ್ತರಿ ಕೈಯಲ್ಲೇ ಉಳಿಯಿತು.
ಬಾಡಿಗೆ ಮನೆಯ ಕಿಟಕಿ ಎಣಿಸಿ ಅಡ್ವಾನ್ಸ್ ಕೊಟ್ಟವಳು
ಮೂವತ್ತೆಂಟು ವರ್ಷ
ನನ್ನದನ್ನೇ ಎಣಿಸಿರಲಿಲ್ಲ.

ಬಿಚ್ಚಿದೆ, ಮತ್ತೆ ಹೊಲಿದೆ.
ತಲೆದಿಂಬಲ್ಲ, ಮುಷ್ಟಿ ಹಿಡಿ, ಅಷ್ಟೇ ಅಂದರು.
ಹಿಡಿದು ನೋಡಿದೆ. ಇಷ್ಟರಲ್ಲೇ
ಒಬ್ಬರಾದ ಮೇಲೊಬ್ಬರು ಕಾಲು ಚಾಚಿದ್ದರೇ?
ಹಿಗ್ಗುತ್ತೆ, ಬನಿಯನ್ ಬಟ್ಟೆ ಥರ.

ನಾಳದ ತುದಿಯನ್ನು ಅಂಡಾಶಯಕ್ಕೆ ಗಟ್ಟಿ ಹೊಲಿದಿದ್ದೆ.
ಅಲ್ಲಿ ಹೊಲಿಗೆಯಿಲ್ಲ, ಕುಚ್ಚು;
ಬಿಟ್ಟ ಮೊಟ್ಟೆಯನ್ನು ಬಳುಕಿ ಬಾಚಿಕೊಳ್ಳುತ್ತೆ.
ಕೇಳಿದ್ದೇ ತಡ, ಪಕ್ಕದ ಮನೆ ಪುಟ್ಟಗೌರಿ
ಯಾರದೋ ಧಾರೆ ಸೀರೆಗೆಂದಿದ್ದ ರೇಷ್ಮೆ ದಾರ ತಂದು
ತಾನೇ ಕಟ್ಟಿದಳು, ಎರಡೂ ಬದಿಗೆ.

ಕನ್ಯಾಪೊರೆಗೆಂದು ನೆಟ್ ಕತ್ತರಿಸಿ
ಬಾಯಿಗೆ ಪೂರಾ ಮುಚ್ಚಿದ್ದೆ, ಹೊಸ ಡಬ್ಬದ ಸೀಲಿನಂತೆ.
ಸಿಸ್ಟರ್ ನಗಲಿಲ್ಲ.
ಮುಚ್ಚಿದ್ದರೆ ಮುಟ್ಟು ಎಲ್ಲಿಂದ ಬರಬೇಕಿತ್ತು?
ಅಂಚಿಗೊಂದು ಫ್ರಿಲ್ ಇಡು ಸಾಕು.
ಒಬ್ಬೊಬ್ಬರದು ಒಂದೊಂದು ಥರ.
ಎಷ್ಟೋ ಜನಕ್ಕೆ ಹನಿ ರಕ್ತವೂ ಬರಲ್ಲ.

ಸೋದರತ್ತೆ ಮಗಳು ದೇವೀರಿಯನ್ನು
ಕಾಮಾಕ್ಷಿಪಾಳ್ಯಕ್ಕೆ ಕೊಟ್ಟಿದ್ದರು. ಮೂರನೇ ದಿನ
ಆಟೋದಲ್ಲಿ ತಂದು ಬಿಟ್ಟರು. ಜೊತೆಗೊಂದು ಬೆಡ್‌ಶೀಟು,
ನಾಲ್ಕು ಮಡಿಕೆ, ಇಸ್ತ್ರಿ ಸಮೇತ.
ಕಲೆಯಿಲ್ಲದ್ದೇ ಕಲೆ.
ಈಗ ಯಶವಂತಪುರದಲ್ಲಿ ಸೊಪ್ಪು ಮಾರುತ್ತಾಳೆ.
ಫ್ರಿಲ್ ಇಡುವಾಗ ದಾರ ಎರಡು ಸಲ ಹರಿಯಿತು.

ಕೊನೆಗೊಂದು ಗುಂಡಿ ಕೊಟ್ಟು, ಮೇಲೆ ಕೂರಿಸು ಅಂದರು.
ಚಂದ್ರನಾಡಿ. ಕಾಣೋದು ಇಷ್ಟೇ,
ಉಳಿದದ್ದು ಒಳಗೆ ಎರಡೂ ಕಡೆ ಇಳಿದಿದೆ,
ಕಾಲರಿನ ಒಳಪಟ್ಟಿ ಹಾಗೆ.
ಇದರ ಕೆಲಸ?
(ಕೆಲಸವಿಲ್ಲದ ಗುಂಡಿಗೆ ನಮ್ಮಲ್ಲಿ ದುಡ್ಡು ಹುಟ್ಟಲ್ಲ.)
ಸುಖ.
ಅಷ್ಟೇನಾ?
ಅಷ್ಟೇ.
ಆ ರಾತ್ರಿ ಗಂಡನ ಗೊರಕೆ ಕೇಳುತ್ತಾ ಎದ್ದು ಕೂತು
ಆ ಗುಂಡಿಗೆ ನಾಲ್ಕು ಸುತ್ತು ಹೆಚ್ಚಿಗೆ ಹಾಕಿದೆ.

ಬುಧವಾರ, ಕ್ಯಾಂಟೀನಿನ ಹಿಂದೆ, ಟಿಫನ್ ಡಬ್ಬಿಗಳ ನಡುವೆ
ಅದನ್ನಿಟ್ಟೆವು.
ಬಿಳಿಸೆರಗು ಹೋದರೆ ಮೂಳೆ ಕರಗುತ್ತಂತಲ್ಲ, ಹಸೀನಾ ಕೇಳಿದಳು.
ಕಣ್ಣಲ್ಲಿ ನೀರಾಡೋ ಹಾಗೆ ಅದು.
ವಾಸನೆ, ತುರಿಕೆ ಇದ್ದರೆ ನನ್ನ ಹತ್ತಿರ ಬಾ, ಅಂದರು ಸಿಸ್ಟರ್.
ಕಾಪರ್-ಟಿ ಎದೆಗೇರುತ್ತಂತೆ?
ಒಳಜೇಬಿನ ಚಿಲ್ಲರೆ ಟೋಪಿಗೇರಿದ್ದುಂಟಾ,
ಈ ಸಲ ನಾನೇ ಬಾಯಿ ಹಾಕಿದೆ.

ಸೂಪರ್‌ವೈಸರ್ ಬಂದು ಬೆರಳ ತುದಿಯಲ್ಲಿ ಎತ್ತಿ ನೋಡಿದ.
ಏನ್ರೀ ಇದು, ಟಗರಿನ ತಲೆ?
ಎಲ್ಲರೂ ನೆಲ ನೋಡಿದರು.
ಅಂಜಿನಮ್ಮ ಮಾತ್ರ ಮುದ್ದೆ ನುಂಗಿ ಹೇಳಿದಳು:
ನೀವು ಒಂಬತ್ತು ತಿಂಗಳು ಇದ್ದ ಮನೆ, ಸಾರ್.
ಬಾಡಿಗೆ ಕೊಟ್ಟಿದ್ರಾ?

ಸೈರನ್ ಆಯಿತು.

ತಿಂಗಳಾದ ಮೇಲೆ ರಿಪೇರಿಗೆಂದು ವಾಪಸ್ ಬಂತು.
ಫ್ರಿಲ್ ನೆಟ್ಟಗಿತ್ತು, ಕುಚ್ಚು ಹಾಗೇ ಇತ್ತು.
ಗುಂಡಿ ಮಾತ್ರ
ಸಡಿಲವಾಗಿತ್ತು.
ಎಷ್ಟು ಕೈ ಮುಟ್ಟಿದ್ದವೋ.