ಸೋಮವಾರದ ಮೂಟೆ

ನಾನು ಒಂದು ಆಟವನ್ನೂ ನೋಡಿದವಳಲ್ಲ.
ಶನಿವಾರ ಮಧ್ಯಾಹ್ನ, ಗಾಳಿ ಈ ಕಡೆ ಬೀಸಿದರೆ,
ಕಾಲೇಜಿನ ದಿಬ್ಬದಿಂದ ಕೂಗು ಕೇಳುತ್ತಿತ್ತು.
ಆಗ ನನ್ನ ಕೈಯಲ್ಲಿ ಇಸ್ತ್ರಿ, ಎದುರಿಗೆ ಹೋಟೆಲಿನ ಚಾದರಗಳು.

ಸೋಮವಾರ ಬೆಳಕು ಹರಿಯುವ ಮೊದಲೇ
ಹುಡುಗನೊಬ್ಬ ಹಿತ್ತಿಲ ಮೆಟ್ಟಿಲಿಗೆ ಮೂಟೆ ಎಸೆದು ಓಡುತ್ತಿದ್ದ:
ಹದಿನಾಲ್ಕು ಉಣ್ಣೆ ಅಂಗಿ, ಬೂದು ಬಣ್ಣದವು,
ಹದಿನಾಲ್ಕು ಕ್ಯಾನ್ವಾಸ್ ಚಡ್ಡಿ, ತೊಡೆಗೆ ಬೆತ್ತದ ಕಡ್ಡಿ ಹೊಲಿದವು.
ವಾರಕ್ಕೆ ಅರವತ್ತು ಸೆಂಟು.
ಸಾಬೂನು ನನ್ನದೇ.

ಬೆನ್ನಿಗೆ ನಂಬರು ಹಚ್ಚುವ ಕಾಲವಲ್ಲ ಅದು.
ಕೊರಳಪಟ್ಟಿಯ ಒಳಗೆ ಕಪ್ಪು ದಾರದಲ್ಲಿ ನಾನೇ ಹೆಸರು ಹೊಲಿದಿದ್ದೆ,
ಆಸ್‌ಗುಡ್, ಪ್ರೂಯಿಟ್, ಹಾಫ್‌ಸ್ಟಾಡ್.
ಈ ದೇಶದ ಅಕ್ಷರ ನನಗೆ ಹತ್ತಿದ್ದೇ ಹಾಗೆ, ಸೂಜಿಯ ತುದಿಯಿಂದ.

ಮೊದಲ ವಾರ ಮೊಣಕಾಲಿಗೆ ಸಗಣಿ: ನಮ್ಮದೇ ಮೈದಾನ,
ಶುಕ್ರವಾರದವರೆಗೂ ಅಲ್ಲಿ ಗ್ರೀಕ್ ಮೇಷ್ಟರ ಹಸು ಮೇಯುತ್ತದೆ.
ಎರಡನೆಯ ವಾರ ಕಲ್ಲಿದ್ದಲ ಹುಡಿ: ರೈಲು ಜಂಕ್ಷನ್ನಿನವರ ಮೇಲೆ.
ಆಮೇಲೆ ಹಳದಿ ಜೇಡಿ, ಬಿಡದ ಜೇಡಿ; ನದಿ ದಾಟಿದ್ದರು.
ಗೆಲುವು ಸೋಲು ಬಟ್ಟೆಗೆ ಗೊತ್ತಿಲ್ಲ ಅಂತಾನೆ ನನ್ನ ಗಂಡ.
ಗೊತ್ತಿದೆ.
ಸೋತವರ ಕೆಸರು ಬೆನ್ನಿಗಿರುತ್ತದೆ.
ಆ ವರ್ಷ ಬೆನ್ನು ಉಜ್ಜಿ ಉಜ್ಜಿ ನನ್ನ ಬೆರಳ ಸಿಪ್ಪೆ ಎದ್ದಿತ್ತು.

ರಕ್ತಕ್ಕೆ ತಣ್ಣೀರು, ಉಪ್ಪು.
ಬಿಸಿನೀರು ತಾಗಿಸಿದಿರೋ, ಬೇಡದ ನೆಂಟನ ಹಾಗೆ ಅಲ್ಲೇ ಬಿಡಾರ ಹೂಡುತ್ತದೆ.
ಮೂಗಿನದು ಎದೆಗಿಳಿಯುತ್ತದೆ, ಕಿವಿಯದು ಭುಜಕ್ಕೆ.
ಅಕ್ಟೋಬರಿನಲ್ಲಿ ಆಸ್‌ಗುಡ್‌ನ ಅಂಗಿ ಎರಡು ಹೋಳಾಗಿ ಬಂತು,
ಡಾಕ್ಟರು ಕತ್ತರಿ ಹಾಕಿದ್ದು. ಕೊರಳೆಲುಬು ಮುರಿದಿತ್ತಂತೆ.
ಹೊಲಿಗೆಗೆ ಐದು ಸೆಂಟು ಹೆಚ್ಚು ಕೇಳಬೇಕೆಂದಿದ್ದೆ. ಕೇಳಲಿಲ್ಲ.
ಬೇರೆ ಊರುಗಳಲ್ಲಿ ಹುಡುಗರು ಸತ್ತದ್ದು ಪತ್ರಿಕೆಯಲ್ಲಿ ಬಂತು.
ಭಾನುವಾರ ಕಾಲೇಜಿನ ಹಿರಿಯರು ಈ ಆಟ ಪಾಪವೆಂದರು,
ಮುಂದಿನ ಶನಿವಾರ ಹಗ್ಗಕ್ಕೆ ಆತು ನಿಂತು ಗಂಟಲು ಹರಿದುಕೊಂಡರು.

ಟಪ್ಪರ್‌ನ ಅಂಗಿ ಮಾತ್ರ ವಾರ ವಾರವೂ ಚೊಕ್ಕಟ.
ನಾನು ಮಡಿಸಿದ ಮಡಿಕೆ ಇನ್ನೂ ಅದರಲ್ಲೇ.
ಚಡ್ಡಿಯ ಹಿಂದೆ ಬೆಂಚಿನ ಹಸಿರು ಬಣ್ಣ,
ಬಲತೋಳಿನಲ್ಲಿ ತುಕ್ಕಿನ ಒಂದು ಗೆರೆ, ನೀರಿನ ಬಕೆಟ್ಟಿನ ಹಿಡಿಯದ್ದು.
ಒಗೆಯದೆ ಕಾಸು ತಗೊಂಡರೆ ನನಗೆ ನಿದ್ದೆ ಹತ್ತುವುದಿಲ್ಲ.
ಉಳಿದವರ ಜೊತೆ ಒಂದೇ ತೊಟ್ಟಿಗೆ ಅದ್ದುತ್ತಿದ್ದೆ,
ಅವರ ಕೆಸರು ಅವನಿಗೂ ಕೊಂಚ ಹತ್ತಲಿ ಅಂತ.

ನವೆಂಬರ್ ಕೊನೆ, ಟರ್ಕಿ ಕೊಯ್ಯುವ ಹಬ್ಬದ ದಿನ, ದೊಡ್ಡ ಊರಿನವರ ಮೇಲೆ.
ಅರವತ್ತೆಂಟು ಸೊನ್ನೆ,
ಬ್ರೆಡ್ಡಿನಂಗಡಿಯವ ಹಿಟ್ಟು ತೂಗುತ್ತಾ ಹೇಳಿದ.
ಇದ್ದವರೆಲ್ಲ ಕುಂಟಿ ಹೊರಬಿದ್ದ ಮೇಲೆ ಯಾರನ್ನೋ ಒಳಗೆ ಕಳಿಸಿದರಂತೆ.
ಯಾರನ್ನ? ಅಂದೆ.
ಅವನಿಗೆ ಗೊತ್ತಿರಲಿಲ್ಲ.

ಮೂಟೆಯ ಗಂಟು ಹಲ್ಲಿನಲ್ಲಿ ಬಿಚ್ಚಿದೆ.
ಎಡತೋಳು ಕಿತ್ತು ಜೋತಿತ್ತು.
ಕೊರಳಪಟ್ಟಿಯಲ್ಲಿ ‘ಟಪ್’ ಅಷ್ಟೇ ಉಳಿದಿತ್ತು, ಮಿಕ್ಕ ದಾರ ಯಾರದೋ ಮುಷ್ಟಿಗೆ ಹೋಗಿತ್ತು.
ಹೊಟ್ಟೆಯ ಮೇಲೆ ಬೂಟಿನ ಒಂದು ಪೂರ್ತಿ ಗುರುತು.
ಕೆಸರು ಎದೆಗೆ.
ತಿರುಗಿಸಿ ನೋಡಿದೆ. ಬೆನ್ನಿಗೆ ಒಂದು ಚಿಟಿಕೆಯಿಲ್ಲ.

ಅದೊಂದಕ್ಕೇ ಬೇರೆ ತೊಟ್ಟಿ ಇಟ್ಟೆ,
ಮೂರು ನೀರು ಬದಲಿಸಿದೆ,
ಪಾದ್ರಿಯ ನಿಲುವಂಗಿಗೂ ಅಷ್ಟು ಮುತುವರ್ಜಿ ಮಾಡಿದವಳಲ್ಲ.
ಹಗ್ಗಕ್ಕೆ ಹಾಕಿ ಗಂಟೆಯಾಗುವಷ್ಟರಲ್ಲಿ ಚಳಿಗೆ ಎಲ್ಲವೂ ಸೆಟೆದವು.
ತೋಳು ಚಾಚಿ, ಎದೆಯುಬ್ಬಿಸಿ, ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ
ಹದಿನಾಲ್ಕು ಜನ.
ನಾನು ನೋಡಿದ ಆಟ ಅಷ್ಟೆ.

ಸಂಜೆ ಬೇಲಿಯ ಹತ್ತಿರ ಯಾರೋ ಉದ್ದನೆಯ ಹುಡುಗ,
ತುಟಿ ಊದಿತ್ತು, ಟೋಪಿ ಕೈಯಲ್ಲಿತ್ತು.
‘ಅಮ್ಮಾ, ನನ್ನದೊಂದನ್ನ ಒಗೆಯದೆ ಹಾಗೇ ಕೊಡೋಕಾಗುತ್ತಾ?’

ಇಬ್ಬರೂ ಹಗ್ಗದ ಕಡೆ ನೋಡಿದೆವು.
ಅವನು ತನ್ನದನ್ನು ಹುಡುಕಿಕೊಂಡ. ಮರದ ಹಲಗೆಯ ಹಾಗಿದ್ದ ಅಂಗಿಯನ್ನು
ಎರಡೂ ಕೈಯಲ್ಲಿ ಹಿಡಿದು ಮಂಕು ಬೆಳಕಿಗೆ ತಿರುಗಿಸಿದ.
ಆಮೇಲೆ ಬಲತೋಳಿನ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದ.

‘ಅದು ಹೋಗಲ್ಲ,’ ಅಂದೆ.
‘ತುಕ್ಕು.’