ಲಕೋಟೆಯ ಬೆನ್ನಿನ ಲೆಕ್ಕ

ರಾಜಧಾನಿಯಿಂದ ನಮೂನೆ ಬಂದಿದೆ, ಏಳು ಪುಟ.
ಶುಕ್ರವಾರದೊಳಗೆ ತುಂಬಿ ಕಳಿಸಬೇಕು.
ಐದನೇ ಕಾಲಂ: ಕಾಲೇಜಿಗೆ ಹಾಕಿದ ಒಂದೊಂದು ಡಾಲರಿಗೆ
ಮರಳಿ ಬಂದದ್ದೆಷ್ಟು?
ಅಂಕಿಗಳಲ್ಲಿ ಮಾತ್ರ ಬರೆಯಿರಿ.

ಹತ್ತೊಂಬತ್ತು ವರ್ಷದಿಂದ ನಾನು ಈ ಶುಲ್ಕದ ಕಿಟಕಿಯ ಹಿಂದೆ.
ಹೊರಗೆ ಒಹಾಯೋ ನದಿ, ಆಚೆ ದಡದಲ್ಲಿ
ಬೀಗ ಬಿದ್ದ ಬಾಟಲಿ ಕಾರ್ಖಾನೆ.
ಅದರ ಚಿಮಣಿಯಲ್ಲೀಗ ಬಾನಕ್ಕಿಗಳ ಸಂಸಾರ,
ಬಾಡಿಗೆ ಇಲ್ಲದೆ.

ವರ್ಲೀನ್ ಸ್ಟಾಡಿಕ್ ಬಂದದ್ದು ಅಲ್ಲಿಂದಲೇ.
ನಲವತ್ತೇಳು ವಯಸ್ಸು.
ಇಪ್ಪತ್ತೊಂದು ವರ್ಷ ಬಾಟಲಿಗಳ ಕೊರಳಲ್ಲಿ
ಕೂದಲೆಳೆಯ ಬಿರುಕು ಹುಡುಕಿದ ಕಣ್ಣು.
ಕರೆಂಟು ಬಿಲ್ಲಿನ ಲಕೋಟೆ ಮಗುಚಿ ಹಾಕಿ
ದಾರ ಕಟ್ಟಿದ ನನ್ನ ಪೆನ್ನಿನಲ್ಲಿ ಬರೆದಳು:
ಈಗ ಪೆಟ್ರೋಲ್ ಬಂಕಿನಲ್ಲಿ ಗಂಟೆಗೆ ಹದಿಮೂರು,
ಬೆಸುಗೆ ಕಲಿತರೆ ಇಪ್ಪತ್ತಾರು
(ಗೋಡೆಯ ಮೇಲಿನ ಚೀಟಿಯ ಪ್ರಕಾರ).
ಶುಲ್ಕ ನಾಲ್ಕು ಸಾವಿರದ ಇನ್ನೂರು, ಬೂಟು ಗವಸು ಬೇರೆ,
ಹೋಗಿ ಬರಲು ಐವತ್ತೆರಡು ಮೈಲಿ,
ತಪ್ಪಿಹೋಗುವ ಸಂಜೆಪಾಳಿಗಳ ಕೂಲಿ ಕಳೆದು,
ನಾಯಿಯ ಔಷಧಿ ಕಳೆದು,
ಉತ್ತರದ ಕೆಳಗೆ ಎರಡು ಗೆರೆ ಎಳೆದು
ತುಸು ಹೊತ್ತು ಅದನ್ನೇ ನೋಡಿ
ದುಡ್ಡು ಕಟ್ಟಿದಳು.

ಮೇಷ್ಟ್ರು ಒಡೆಲ್ ಟ್ಯಾಕೆಟ್, ಎಡಗಿವಿ ಕೇಳದು,
ಹಾಗಾಗಿ ಪಾಠವೆಲ್ಲ ಕೂಗಿಯೇ, ನನ್ನ ಕಿಟಕಿಯವರೆಗೆ:
‘ಬೆಳಕು ನೋಡಬೇಡಿ! ಬೆಳಕು ಯಾರಿಗಾದರೂ ಕಾಣುತ್ತೆ.
ಅದರ ಬೆನ್ನಿಗೇ ಒಂದು ಮಡು, ಬಟಾಣಿಯಷ್ಟು,
ಕರಗಿದ ಕಬ್ಬಿಣದ್ದು.
ಅದನ್ನು ನೋಡಿ. ಅದು ಕರೆದಲ್ಲಿಗೆ ಕೈ ಹೋಗಲಿ!’

ಮೊದಲ ತಿಂಗಳು ಅವಳ ಬೆಸುಗೆ
ಕಾಗೆ ಹಿಕ್ಕೆ ಹಾಕಿದ ಹಾಗೆ.
ಮೂರನೆಯದಕ್ಕೆ ಮೀನಿನ ಹುರುಪೆ,
ಒಂದರ ಮೇಲೊಂದು ಒರಗಿ.
ಕೊನೆಗೆ ಪರೀಕ್ಷೆ: ಬೆಸೆದ ಪಟ್ಟಿಯನ್ನು
ಯಂತ್ರಕ್ಕೆ ಕೊಟ್ಟು ಲಾಳದ ಹಾಗೆ ಬಗ್ಗಿಸಿದರು.
ಬಿರುಕಿಲ್ಲ ಎಂದರು ಮೇಷ್ಟ್ರು.
ದೀಪದ ಕೆಳಗೆ ಹಿಡಿದು
ಇನ್ನೂ ಹತ್ತು ನಿಮಿಷ ಹುಡುಕಿದಳು ವರ್ಲೀನ್.

ಈಗ ದೋಣಿಕಟ್ಟೆಯಲ್ಲಿ ಕೆಲಸ, ಗಂಟೆಗೆ ಇಪ್ಪತ್ಮೂರು.
ಚೀಟಿಯ ಇಪ್ಪತ್ತಾರನ್ನು ಅಷ್ಟರಲ್ಲಿ ಯಾರೋ ತಿದ್ದಿದ್ದರು.
ಮಾರ್ಚಿನಲ್ಲಿ ಬಂದು ಕಿಟಕಿ ಗುದ್ದಿದಳು:
‘ಇಷ್ಟು ತೆರಿಗೆಯಾ? ಇದು ಯಾರಪ್ಪನ ಗಂಟು?’
ಬಯ್ಯುತ್ತ ಬಯ್ಯುತ್ತಲೇ ಆ ಕಾಗದವನ್ನು
ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿಗೆ ಸೇರಿಸಿದಳು.
ಇದು ಐದನೇ ಕಾಲಮ್ಮಿಗೆ ಹೋಗುತ್ತದೆ, ಸುಲಭ.

ಆ ವರ್ಷ ಪಾಸಾದವರು ಹದಿನೆಂಟು,
ದೋಣಿಕಟ್ಟೆಯಲ್ಲಿ ಜಾಗ ಏಳು.
ಇದೂ ಹೋಗುತ್ತದೆ, ಬೇರೆ ಕಾಲಮ್ಮಿಗೆ.

ಡೆಲ್ಬರ್ಟ್ ಯೋಕಮ್?
ಹೀಟರ್ ರಿಪೇರಿಯ ತರಗತಿ, ಒಂಬತ್ತೇ ವಾರ.
ಕಾರಿನ ಗೇರ್‌ಬಾಕ್ಸ್ ಕೆಟ್ಟಿತು, ಬರುವುದು ನಿಂತಿತು.
ಶುಲ್ಕ ವಾಪಸಿಲ್ಲ ಎಂದವಳು ನಾನೇ.
ದಾಖಲೆಯಲ್ಲಿ ‘ಅಪೂರ್ಣ’.
ಜನವರಿಯಲ್ಲಿ ನದಿ ಹೆಪ್ಪುಗಟ್ಟಿದ ರಾತ್ರಿ
ಆ ಒಂಬತ್ತು ವಾರದ ವಿದ್ಯೆಯಲ್ಲಿ
ತನ್ನ ಸಾಲಿನ ಮೂರು ಮನೆಗಳಿಗೆ ಬೆಚ್ಚಗೆ ಮಾಡಿದನಂತೆ.
ಸಂಬಳ: ಒಂದು ಪಾತ್ರೆ ಹುರುಳಿಕಾಯಿ ಸಾರು,
ವಾರದ ಮಟ್ಟಿಗೆ ಒಂದು ಗರಗಸ.
ಏಳು ಪುಟ ತಿರುವಿದೆ.
ಸಾರಿಗೆ ಜಾಗವಿಲ್ಲ.

ಗುರುವಾರ, ರಾತ್ರಿ ಒಂಬತ್ತೂವರೆ.
ಲೆಕ್ಕಿಗರು ಕೊಟ್ಟ ಅಂಕಿ ಬರೆದೆ: ಮೂರು ಪಾಯಿಂಟ್ ಏಳು.
ಸುಳ್ಳಲ್ಲ ಅದು.
ಕಾರ್ಯಾಗಾರದ ಮಬ್ಬುಗಾಜಿನಾಚೆ ನೀಲಿ ಮಿಂಚು
ಹತ್ತಿ, ಆರಿ, ಮತ್ತೆ ಹತ್ತಿ.

ಮೇಜಿನ ಖಾನೆಯಲ್ಲಿ ಆ ಲಕೋಟೆ ಇನ್ನೂ ಇದೆ,
ಅವಳು ಮರೆತು ಹೋದದ್ದು.
ಕಳೆಯುವಾಗ ಪಕ್ಕದ ಮನೆಯಿಂದ ಸಾಲ ತಂದು
ಅಲ್ಲಿ ಒಂದು ಕಡಿಮೆ ಮಾಡಲು ಮರೆತಿದ್ದಾಳೆ.
ಉತ್ತರ ಒಂದು ಸಾವಿರ ಹೆಚ್ಚು.
ಅಂದೇ, ಅವಳು ಬರೆಯುತ್ತಿರುವಾಗಲೇ,
ಎದುರಿನಿಂದ, ತಲೆಕೆಳಗಾಗಿ, ನನಗದು ಕಂಡಿತ್ತು.

ಏನೂ ಅನ್ನದೆ
ರಸೀದಿ ಹರಿದು ಕೊಟ್ಟಿದ್ದೆ.