ಗೆರೆಗೆ ಸೇರದ ಚುಕ್ಕೆ

ಎದೆಯೆತ್ತರ ಅಂದರೆ ಒಂದು ಪಾಯಿಂಟ್ ಮೂರು ಏಳು ಮೀಟರು.
ಬೂದ್ಯಪ್ಪನ ಎದೆ ಅಲ್ಲಿಗೆ ಬರುವುದಿಲ್ಲ.
ಬಿದಿರುಕೋಲು ಕಡಿದು, ಕತ್ತಿಮೊನೆಯಲ್ಲಿ ಗೀಟು ಹಾಕಿ
ಅದಕ್ಕೆ ‘ಸರಕಾರದ ಎದೆ’ ಅಂತ ಹೆಸರಿಟ್ಟಿದ್ದಾನೆ.

ಕೋಲೂರಿ, ಟೇಪು ಸುತ್ತಿ, ಕೂಗುತ್ತಾನೆ:
ಮತ್ತಿ, ನೂರ ಎಂಬತ್ತೆರಡು.
ನಂದಿ, ತೊಂಬತ್ತಾರು.
ಹೊನ್ನೆ, ನೂರ ನಲವತ್ತು, ‘ಗಂಟಿದೆ, ಒಂದು ಗೇಣು ಮೇಲೆ ಹಿಡಿದೆ.’
ರಿಪ್ಪನ್‌ಪೇಟೆಯ ಆಚೆ, ಹಗ್ಗ ಕಟ್ಟಿದ ಚೌಕ.
ಹಗ್ಗದಾಚೆಯ ಮರ ಲೆಕ್ಕಕ್ಕಿಲ್ಲ.

ನಿಂತ ಮರಕ್ಕೆ ತಕ್ಕಡಿ ಇಲ್ಲ.
ಅದಕ್ಕೇ ಸೂತ್ರ: ಸುತ್ತಳತೆಯಿಂದ ವ್ಯಾಸ, ವ್ಯಾಸದಿಂದ ಒಣತೂಕ,
ಅದರ ಅರ್ಧಕ್ಕೆ ತುಸು ಕಡಿಮೆ ಇಂಗಾಲ.
ಎಲೆ ಕುಡಿದ ಗಾಳಿ ನಾರಾಗಿ, ನಾರು ಉಂಗುರವಾಗಿ
ಎಪ್ಪತ್ತು ಎಂಬತ್ತು ವರ್ಷ ಮಾತಿಲ್ಲದೆ ಕೂತದ್ದು
ಲಾಗ್ ತೆಗೆದರೆ
ಬಾಗಿದ್ದೆಲ್ಲ ನೆಟ್ಟಗಾಗಿ
ಕಾಡು ಒಂದು ಓರೆಗೆರೆ.

ಬುತ್ತಿಯ ಹೊತ್ತಿಗೆ ಹಾಳೆ ಬಿಚ್ಚಿ ತೋರಿಸಿದೆ.
ನಲವತ್ತೊಂದು ಚುಕ್ಕೆ. ರೊಟ್ಟಿ ಹಿಡಿದ ಅವನ ಬೆರಳು
ಗೆರೆಯ ಮೇಲೆ ಓಡಾಡಿ, ಕೆಳಗೆ
ಒಂಟಿಯಾಗಿದ್ದ ಒಂದರ ಹತ್ತಿರ ನಿಂತಿತು.
‘ಇದು?’
ಅದು ಬಿಡಿ, ಯಾರೋ ತಪ್ಪು ತೂಗಿರಬೇಕು.
ಇಪ್ಪತ್ತಾರು ವರ್ಷದ ಹಿಂದಿನ ಅಳತೆ.

‘ಯಾರೋ ಅಲ್ಲ. ನಾನು, ನಮ್ಮ ಭಾವ ಹುಚ್ಚರಾಯಪ್ಪ,
ಹೊಸನಗರದ ಇಬ್ಬರು ಗರಗಸದೋರು.
ಕೆಡವಿ, ಬೊಡ್ಡೆ ಬೇರೆ ಕೊಂಬೆ ಬೇರೆ ಎಲೆ ಬೇರೆ ಮಾಡಿ
ಭತ್ತದ ಮಂಡಿ ತಕ್ಕಡಿಗೆ ಏರಿಸಿದ್ದು. ಹದಿನೇಳು ದಿನ.
ಎಲೆ ಬಾಡಿದರೆ ತೂಕ ಇಳಿಯುತ್ತೆ, ಬೇಗ ಬೇಗ ಅಂತ ಬಯ್ಯೋರು.
ಕಡೇದೊಂದು ಮತ್ತಿ. ಇಬ್ಬರು ತಬ್ಬಬೇಕು, ಅಷ್ಟು.
ಕೊಡಲಿ ಹಾಕಿದ್ದೇ, ಡೊಳ್ಳಿನ ಹಾಗೆ ಅಂತು.
ಒಳಗೆ ಏನಿಲ್ಲ. ತುಡುವೆ ಜೇನು, ಒಂದಿಷ್ಟು ಹಳೇ ಮಣ್ಣು.
ಮೂರು ಸಲ ತೂಗಿಸಿದರು.
ಮೂರು ಸಲಾನೂ ಅಷ್ಟೇ.’

ಸೂತ್ರದ ಕೆಳಗೆ ಸಣ್ಣಕ್ಷರದಲ್ಲಿ ವರ್ಷವಿದೆ,
ಕಾಡಿನ ಹೆಸರಿದೆ, ದೋಷದ ಶೇಕಡಾ ಇದೆ.
ಇನ್ನು ಕಡಿಯದೆ ಲೆಕ್ಕ ಹಾಕಲೆಂದು
ಕಡಿದ ಮರಗಳು.
ಆ ಜೇನು ಎಲ್ಲಿಗೆ ಹೋಯಿತೋ ಕೇಳಲಿಲ್ಲ.

ಮಧ್ಯಾಹ್ನ ಮತ್ತೆ ಕೋಲು, ಟೇಪು.
ನಾನೂ ಈಗ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ.
ನನಗೇನೂ ಕೇಳಿಸುವುದಿಲ್ಲ.
ಬೂದ್ಯಪ್ಪ ಕತ್ತಿಯ ಹಿಂಬದಿಯಿಂದ ಎರಡೇಟು ಹಾಕಿ,
ಕಿವಿಯಿಟ್ಟು, ಟೇಪು ಎಳೆದು,
‘ಮತ್ತಿ. ಇನ್ನೂರ ಹನ್ನೊಂದು.’
ಸ್ವಲ್ಪ ತಡೆದು,
‘ಬರ್ಕೊಳ್ಳಿ. ಆದ್ರೆ ಅಷ್ಟಿಲ್ಲ.’

ಅದಕ್ಕೆ ಕಾಲಮ್ಮು ಇಲ್ಲ.
ಅಂಚಿನಲ್ಲಿ ಬರೆದೆ.